ಎತ್ತಿದಾಗ, ಬಿಟ್ಟಾಗ: ಕೆಲಸ, ಸಾಮರ್ಥ್ಯ, ಯಾಂತ್ರಿಕ ಶಕ್ತಿಯ ಲೆಕ್ಕ ಮಾಡುವ ಬಗೆ

ಕೆಲಸ ಮತ್ತು ಶಕ್ತಿಯ ಲೆಕ್ಕಗಳಲ್ಲಿ ಗುಣಾಕಾರ ತಪ್ಪಿ ಉತ್ತರ ಕೆಡುವುದು ಕಡಿಮೆ. ಅದಕ್ಕೂ ಮೊದಲೇ ಕೆಟ್ಟಿರುತ್ತದೆ. ಯಾವ ಬಲ ಮಾಡಿದ ಕೆಲಸ ಕೇಳಿದ್ದಾರೆ? ಎಲ್ಲಿಂದ ಎಲ್ಲಿಯವರೆಗೆ? ಇವೆರಡನ್ನು ಗೊತ್ತುಮಾಡಿಕೊಳ್ಳದೆ ಸೂತ್ರದೊಳಗೆ ಅಂಕಿ ತುಂಬಿದರೆ, ಉತ್ತರ ಸರಿ ಬಂದರೂ ಅದು ಯಾಕೆ ಸರಿ ಅಂತ ಗೊತ್ತಾಗುವುದಿಲ್ಲ. ಮುಂದಿನ ಲೆಕ್ಕ ಸ್ವಲ್ಪ ಬದಲಾದರೆ ಸಾಕು, ಕೈ ನಿಲ್ಲುತ್ತದೆ.

ಹಾಗಾಗಿ ಇಲ್ಲಿ ಸೂತ್ರ ಕಮ್ಮಿ, ಕ್ರಮ ಜಾಸ್ತಿ. ಒಂಬತ್ತನೇ ತರಗತಿಯ ಮಕ್ಕಳಿಗೆ, ಪಿಯುಸಿಗೆ ಕಾಲಿಡುವವರಿಗೆ, ಮಕ್ಕಳಿಗೆ ಮನೆಯಲ್ಲಿ ಹೇಳಿಕೊಡುವ ಅಪ್ಪ ಅಮ್ಮಂದಿರಿಗೆ ಇದು ಸಾಕಾಗಬೇಕು. ಪೆನ್ನು, ಕಾಗದ ಹತ್ತಿರ ಇಟ್ಟುಕೊಂಡು ಓದಿ. ಪ್ರತಿ ಲೆಕ್ಕವನ್ನೂ ನೀವೇ ಒಮ್ಮೆ ಮಾಡಿ ನೋಡಿ, ಆಮೇಲೆ ಮುಂದೆ ಹೋಗಿ.

ಮೊದಲ ಹೆಜ್ಜೆ: ಎರಡು ಕ್ಷಣ ಆರಿಸಿಕೊಳ್ಳಿ

ವಸ್ತುವನ್ನು ಎತ್ತುವ ಅಥವಾ ಬೀಳಿಸುವ ಯಾವ ಲೆಕ್ಕದಲ್ಲೂ ಎರಡು ಕ್ಷಣಗಳಿರುತ್ತವೆ. ಒಂದು ಮೊದಲಿನದು, ಇನ್ನೊಂದು ಕೊನೆಯದು. ಕಾಗದದ ಎಡಕ್ಕೆ ಮೊದಲಿನದನ್ನು, ಬಲಕ್ಕೆ ಕೊನೆಯದನ್ನು ಬರೆಯಿರಿ. ಎರಡೂ ಕಡೆ ವಸ್ತುವಿನ ರಾಶಿ, ಎತ್ತರ, ವೇಗ ಎಷ್ಟು ಅಂತ ಗುರುತು ಹಾಕಿ. ಗೊತ್ತಿಲ್ಲದ್ದಕ್ಕೆ ಪ್ರಶ್ನೆಯ ಚಿಹ್ನೆ ಇಡಿ.

ಈಗ ಮನೆಯ ಜಮಾ-ಖರ್ಚಿನ ಪುಸ್ತಕದಲ್ಲಿ ಬರೆಯುವ ಹಾಗೆ ಬರೆಯಬೇಕು: ಮೊದಲು ಇದ್ದದ್ದು, ನಡುವೆ ಬಂದದ್ದು, ನಡುವೆ ಹೋದದ್ದು, ಕೊನೆಗೆ ಉಳಿದದ್ದು. ಶಕ್ತಿಯ ಲೆಕ್ಕದಲ್ಲಿ ಅದು ಹೀಗಿರುತ್ತದೆ (ಎತ್ತರದಲ್ಲಿರುವುದರಿಂದ ಬಂದದ್ದು ಪ್ರಚ್ಛನ್ನ ಶಕ್ತಿ, ಓಡುತ್ತಿರುವುದರಿಂದ ಬಂದದ್ದು ಚಲನ ಶಕ್ತಿ):

ಮೊದಲಿನ (ಪ್ರಚ್ಛನ್ನ ಶಕ್ತಿ + ಚಲನ ಶಕ್ತಿ) + ಹೊರಗಿನವರು ಮಾಡಿದ ಕೆಲಸ − ಘರ್ಷಣೆ, ಗಾಳಿಗೆ ಹೋದದ್ದು = ಕೊನೆಯ (ಪ್ರಚ್ಛನ್ನ ಶಕ್ತಿ + ಚಲನ ಶಕ್ತಿ)

ಈ ಲೇಖನದ ಎಲ್ಲ ಲೆಕ್ಕವೂ ಈ ಒಂದೇ ಸಾಲಿನಿಂದ ಬರುತ್ತದೆ. ಬೇಕಾಗುವ ಬಿಡಿಭಾಗಗಳು ಇಷ್ಟೇ:

ತೂಕ = ರಾಶಿ × ಜಿ
ಕೆಲಸ = ಬಲ × ಬಲದ ದಿಕ್ಕಿನಲ್ಲಿ ಸರಿದ ದೂರ
ಪ್ರಚ್ಛನ್ನ ಶಕ್ತಿ = ರಾಶಿ × ಜಿ × ಎತ್ತರ
ಚಲನ ಶಕ್ತಿ = ½ × ರಾಶಿ × ವೇಗದ ವರ್ಗ
ಸಾಮರ್ಥ್ಯ = ಕೆಲಸ ÷ ಸಮಯ

‘ಜಿ’ ಅಂದರೆ ಗುರುತ್ವ ವೇಗೋತ್ಕರ್ಷ, ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬ ಅಳತೆ. ಭೂಮಿಯ ಮೇಲೆ ಅದು ಸುಮಾರು 9.8. ಕೆಲವು ಪ್ರಶ್ನೆಪತ್ರಿಕೆಗಳಲ್ಲಿ 10 ಎಂದು ತೆಗೆದುಕೊಳ್ಳಲು ಹೇಳಿರುತ್ತಾರೆ. ಹೇಳಿದ್ದರೆ ಹಾಗೇ ಮಾಡಿ, ಉತ್ತರದಲ್ಲಿ ನೂರಕ್ಕೆ ಎರಡರಷ್ಟು ವ್ಯತ್ಯಾಸ ಬರುತ್ತದೆ ಅಷ್ಟೇ.

ಎತ್ತರವನ್ನು ಎಲ್ಲಿಂದ ಅಳೆಯಬೇಕು? ನಿಮ್ಮಿಷ್ಟ. ನೆಲ, ಬಾವಿಯ ತಳ, ಮೇಜು, ಯಾವುದನ್ನು ಬೇಕಾದರೂ ಸೊನ್ನೆ ಎಂದುಕೊಳ್ಳಬಹುದು. ಆದರೆ ಲೆಕ್ಕ ಮುಗಿಯುವವರೆಗೆ ಅದನ್ನು ಬದಲಿಸಬಾರದು. ಸಾಮಾನ್ಯವಾಗಿ ವಸ್ತು ಮುಟ್ಟುವ ಅತಿ ಕೆಳಗಿನ ಜಾಗವನ್ನು ಸೊನ್ನೆ ಮಾಡಿಕೊಂಡರೆ ಋಣ ಚಿಹ್ನೆಯ ಕಾಟ ಇರುವುದಿಲ್ಲ.

ಅಂಕಿಗಳನ್ನು ತುಂಬುವ ಮೊದಲೇ ಎಲ್ಲವನ್ನೂ ಕಿಲೋಗ್ರಾಂ, ಮೀಟರ್, ಸೆಕೆಂಡಿಗೆ ತನ್ನಿ. ಗ್ರಾಮನ್ನು 1000ದಿಂದ ಭಾಗಿಸಿ. ನಿಮಿಷವನ್ನು 60ರಿಂದ ಗುಣಿಸಿ. ಗಂಟೆಗೆ ಇಷ್ಟು ಕಿಲೋಮೀಟರ್ ಎಂದಿದ್ದರೆ 3.6ರಿಂದ ಭಾಗಿಸಿ. ಆಗ ಬಲ ನ್ಯೂಟನ್‌ನಲ್ಲಿ, ಕೆಲಸ ಮತ್ತು ಶಕ್ತಿ ಜೂಲ್‌ನಲ್ಲಿ, ಸಾಮರ್ಥ್ಯ ವ್ಯಾಟ್‌ನಲ್ಲಿ ತಾನಾಗಿಯೇ ಬರುತ್ತದೆ.

ಎತ್ತುವ ಕೆಲಸ: ಒಂದು ಸಿಮೆಂಟ್ ಮೂಟೆ

ಮನೆ ಕಟ್ಟುವ ಜಾಗಕ್ಕೆ ಹೋಗೋಣ. 50 ಕಿಲೋ ಸಿಮೆಂಟ್ ಮೂಟೆ ನೆಲದ ಮೇಲಿದೆ. ಅದನ್ನು 3 ಮೀಟರ್ ಎತ್ತರದ ತಾರಸಿಗೆ ಸಾಗಿಸಬೇಕು. ತಾರಸಿಯಲ್ಲಿ ರಾಟೆ ಕಟ್ಟಿ, ಹಗ್ಗ ಹಾಕಿ, ಒಂದೇ ವೇಗದಲ್ಲಿ ಎಳೆಯುತ್ತಾರೆ ಎಂದುಕೊಳ್ಳಿ.

ಮೂಟೆಯ ತೂಕ: 50 × 9.8 = 490 ನ್ಯೂಟನ್.
ಹಗ್ಗ ಮಾಡಿದ ಕೆಲಸ: 490 × 3 = 1470 ಜೂಲ್.

ಇಲ್ಲಿ ಒಂದು ಅನುಮಾನ ಬರಬೇಕು. ಹಗ್ಗ ಎಳೆಯುವ ಬಲ ತೂಕಕ್ಕೆ ಸಮವಾಗಿದ್ದರೆ ಮೂಟೆ ಮೇಲೆ ಹೋಗುವುದು ಹೇಗೆ? ನಿಂತಿದ್ದ ಮೂಟೆ ಹೊರಡುವಾಗ ತೂಕಕ್ಕಿಂತ ತುಸು ಜಾಸ್ತಿ ಬಲ ಬೇಕು, ನಿಜ. ಹೊರಟ ಮೇಲೆ ಸಮ ವೇಗದಲ್ಲಿ ಸಾಗಲು ತೂಕದಷ್ಟೇ ಬಲ ಸಾಕು. ಮೇಲೆ ಹೋಗಿ ನಿಲ್ಲುವಾಗ ತೂಕಕ್ಕಿಂತ ತುಸು ಕಡಿಮೆ ಎಳೆದರೆ ನಡೆಯುತ್ತದೆ. ಶುರುವಿನಲ್ಲಿ ಜಾಸ್ತಿ ಕೊಟ್ಟದ್ದೂ ಕೊನೆಯಲ್ಲಿ ಕಡಿಮೆ ಮಾಡಿದ್ದೂ ಸರಿಹೋಗುತ್ತದೆ. ಎರಡು ಕ್ಷಣಗಳ ಸಾಲನ್ನೇ ನೋಡಿ: ಮೊದಲೂ ವೇಗ ಸೊನ್ನೆ, ಕೊನೆಗೂ ವೇಗ ಸೊನ್ನೆ. ಹಾಗಾಗಿ ಹಗ್ಗದ ಕೆಲಸ ಅಷ್ಟೂ ಪ್ರಚ್ಛನ್ನ ಶಕ್ತಿಯಾಗಿದೆ. ನಡುವೆ ಎಳೆತ ಹೇಗೆ ಏರಿಳಿಯಿತು ಅಂತ ಕೇಳಬೇಕಾದ್ದೇ ಇಲ್ಲ.

ಹಗ್ಗವನ್ನು ಇನ್ನೂ ಜೋರಾಗಿ ಎಳೆದರೆ? ಎಳೆತ 560 ನ್ಯೂಟನ್ ಇದ್ದು, ತಾರಸಿಯ ಮಟ್ಟಕ್ಕೆ ಬಂದಾಗಲೂ ಮೂಟೆ ಓಡುತ್ತಲೇ ಇದೆ ಎಂದುಕೊಳ್ಳಿ. ಹಗ್ಗದ ಕೆಲಸ 560 × 3 = 1680 ಜೂಲ್. ಅದರಲ್ಲಿ 1470 ಎತ್ತರಕ್ಕೆ ಹೋಯಿತು. ಉಳಿದ 210 ಜೂಲ್ ಚಲನ ಶಕ್ತಿ. ½ × 50 × ವೇಗದ ವರ್ಗ = 210. ವೇಗದ ವರ್ಗ 8.4, ವೇಗ ಸೆಕೆಂಡಿಗೆ ಸುಮಾರು 2.9 ಮೀಟರ್. ಪ್ರಶ್ನೆಯಲ್ಲಿ ‘ಸಮ ವೇಗದಲ್ಲಿ’ ಅಥವಾ ‘ನಿಧಾನವಾಗಿ’ ಎಂಬ ಮಾತಿದೆಯೇ ಎಂದು ನೋಡಿ ಅಂತ ಮೇಷ್ಟ್ರುಗಳು ಹೇಳುವುದು ಇದಕ್ಕೇ. ಆ ಮಾತು ಇದ್ದರೆ ಚಲನ ಶಕ್ತಿಯ ಸಾಲು ಬಿಟ್ಟುಬಿಡಬಹುದು.

ಈಗ ರಾಟೆ ಇಲ್ಲ. ಕೂಲಿಯಾಳು ಮೂಟೆಯನ್ನು ಹೊತ್ತು ಮೆಟ್ಟಿಲು ಹತ್ತುತ್ತಾರೆ. ಮೆಟ್ಟಿಲ ದಾರಿ ಏಳೆಂಟು ಮೀಟರ್ ಇರಬಹುದು, ಆದರೆ ಮೂಟೆ ಏರಿದ ಎತ್ತರ ಅದೇ 3 ಮೀಟರ್. ಮೂಟೆಗೆ ಸಿಕ್ಕಿದ್ದು ಮತ್ತೆ 1470 ಜೂಲ್. ಗುರುತ್ವದ ಎದುರು ಮಾಡುವ ಕೆಲಸಕ್ಕೆ ದಾರಿಯ ಉದ್ದ ಲೆಕ್ಕಕ್ಕಿಲ್ಲ, ಎತ್ತರ ಮಾತ್ರ ಲೆಕ್ಕ.

ಹಾಗಾದರೆ ಎರಡೂ ಒಂದೇನಾ? ಅಲ್ಲ. ಹೊತ್ತವರು ತಮ್ಮ ದೇಹವನ್ನೂ ಮೇಲೆ ಸಾಗಿಸಬೇಕು. ಅವರ ತೂಕ 60 ಕಿಲೋ ಆದರೆ ಒಟ್ಟು 110 ಕಿಲೋ ಮೇಲೇರಬೇಕು: 110 × 9.8 × 3 = 3234 ಜೂಲ್. ಅದರಲ್ಲಿ ಮೂಟೆಯ ಪಾಲು 1470, ಅಂದರೆ ನೂರಕ್ಕೆ 45. ಉಳಿದದ್ದು ತಮ್ಮ ಮೈಯನ್ನು ಎತ್ತಲೇ ಹೋಯಿತು. ದಿನವಿಡೀ ಇದೇ ಕೆಲಸ ಮಾಡುವವರ ಬೆವರನ್ನು ಒಂದು ಸಾಧಾರಣ ರಾಟೆ ಎಷ್ಟು ಉಳಿಸುತ್ತದೆ ಅಂತ ಈ ಅಂಕಿ ಹೇಳುತ್ತದೆ. ಮನೆ ಕಟ್ಟಿಸುವವರು ರಾಟೆಗೆ ಕಂಜೂಸಿ ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೂಟೆ ಹೊತ್ತು ಸಮತಟ್ಟಾದ ತಾರಸಿಯ ಮೇಲೆ ಸಮ ವೇಗದಲ್ಲಿ 10 ಮೀಟರ್ ನಡೆದರೆ? ಹೊರುವ ಬಲ ಮೇಲ್ಮುಖ, ಸಾಗಿದ ದಿಕ್ಕು ಅಡ್ಡ. ಬಲದ ದಿಕ್ಕಿನಲ್ಲಿ ಮೂಟೆ ಸರಿದೇ ಇಲ್ಲ, ಹಾಗಾಗಿ ಅದರ ಮೇಲೆ ಆದ ಕೆಲಸ ಸೊನ್ನೆ. ಸುಮ್ನೆ ಹೊತ್ತು ನಿಂತರೂ ಸೊನ್ನೆಯೇ. ಆದರೂ ಸುಸ್ತಾಗುತ್ತದೆ, ಅಲ್ವಾ? ಸ್ನಾಯು ಬಿಗಿಯಾಗಿರಲು ಅದರ ಎಳೆಗಳು ಒಳಗೊಳಗೇ ಎಳೆದು ಬಿಡುತ್ತಾ ಇರಬೇಕು. ಅದಕ್ಕೆ ಆಹಾರದ ಶಕ್ತಿ ಖರ್ಚಾಗಿ ಶಾಖವಾಗುತ್ತದೆ. ಆ ಶಕ್ತಿ ಮೂಟೆಗೆ ಸೇರುವುದಿಲ್ಲ.

ಮೂಟೆಯನ್ನು ಹಗ್ಗದಿಂದ ನಿಧಾನವಾಗಿ ಕೆಳಗಿಳಿಸಿದರೆ ಹಗ್ಗದ ಬಲ ಮೇಲ್ಮುಖ, ಮೂಟೆ ಸರಿಯುವುದು ಕೆಳಮುಖ. ಎರಡೂ ಎದುರುಬದುರು. ಹಗ್ಗದ ಕೆಲಸ −1470 ಜೂಲ್, ಗುರುತ್ವದ ಕೆಲಸ +1470 ಜೂಲ್. ಚಿಹ್ನೆ ಮರೆತರೆ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ಅದಕ್ಕೇ ‘ಕೆಲಸ ಎಷ್ಟು’ ಎಂದು ಕೇಳಿದಾಗ ಮೊದಲು ‘ಯಾವುದು ಮಾಡಿದ ಕೆಲಸ’ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಓರೆ ಹಲಗೆ, ಬಾವಿಯ ಹಗ್ಗ

100 ಕಿಲೋ ಪೆಟ್ಟಿಗೆಯನ್ನು 1.2 ಮೀಟರ್ ಎತ್ತರದ ಲಾರಿಗೆ ಏರಿಸಬೇಕು. ನೇರವಾಗಿ ಎತ್ತಲು 980 ನ್ಯೂಟನ್ ಬಲ ಬೇಕು, ಕೆಲಸ 980 × 1.2 = 1176 ಜೂಲ್. ಬದಲಿಗೆ 4 ಮೀಟರ್ ಉದ್ದದ ಹಲಗೆಯನ್ನು ಓರೆಯಾಗಿ ಇಟ್ಟು ತಳ್ಳುತ್ತೀರಿ. ಘರ್ಷಣೆಯೇ ಇಲ್ಲದಿದ್ದರೆ ಕೆಲಸ ಅದೇ 1176 ಜೂಲ್, ಆದರೆ ದೂರ 4 ಮೀಟರ್. ಬಲ 1176 ÷ 4 = 294 ನ್ಯೂಟನ್ ಸಾಕು. ಬಲ ಉಳಿಯಿತು, ಕೆಲಸ ಉಳಿಯಲಿಲ್ಲ.

ನಿಜವಾದ ಹಲಗೆಯಲ್ಲಿ ಘರ್ಷಣೆ ಇದ್ದೇ ಇರುತ್ತದೆ. ಅದು 150 ನ್ಯೂಟನ್ ಎಂದುಕೊಂಡರೆ 150 × 4 = 600 ಜೂಲ್ ಅದಕ್ಕೇ ಹೋಗುತ್ತದೆ. ನೀವು ಮಾಡಬೇಕಾದ ಕೆಲಸ 1776 ಜೂಲ್, ಪೆಟ್ಟಿಗೆಗೆ ಸಿಕ್ಕಿದ್ದು 1176. ದಕ್ಷತೆ, ಅಂದರೆ ಹಾಕಿದ್ದರಲ್ಲಿ ಉಪಯೋಗಕ್ಕೆ ಬಂದ ಪಾಲು, 1176 ÷ 1776, ಸುಮಾರು ನೂರಕ್ಕೆ 66. ಹಲಗೆ ಉದ್ದವಾದಷ್ಟೂ ತಳ್ಳುವುದು ಸುಲಭ, ಆದರೆ ಘರ್ಷಣೆ ತಿನ್ನುವುದೂ ಜಾಸ್ತಿ.

ಬಾವಿಯಿಂದ ನೀರು ಸೇದುವ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ನೀರು 8 ಮೀಟರ್ ಕೆಳಗಿದೆ. 10 ಲೀಟರ್ ನೀರು, 1 ಕಿಲೋ ಕೊಡ, ಒಟ್ಟು 11 ಕಿಲೋ. ಕೆಲಸ 11 × 9.8 × 8 = 862.4 ಜೂಲ್. ಇಷ್ಟಕ್ಕೆ ಪುಸ್ತಕದ ಲೆಕ್ಕ ನಿಲ್ಲುತ್ತದೆ. ಹಗ್ಗಕ್ಕೂ ತೂಕ ಇದೆಯಲ್ಲ? ಮೀಟರಿಗೆ 200 ಗ್ರಾಂ ಆದರೆ 8 ಮೀಟರಿಗೆ 1.6 ಕಿಲೋ. ಆದರೆ ಹಗ್ಗದ ಎಲ್ಲ ಭಾಗವೂ 8 ಮೀಟರ್ ಏರುವುದಿಲ್ಲ. ತುದಿ 8 ಮೀಟರ್ ಏರುತ್ತದೆ, ರಾಟೆಯ ಹತ್ತಿರದ ಭಾಗ ಹೆಚ್ಚುಕಡಿಮೆ ಏರುವುದೇ ಇಲ್ಲ. ಸರಾಸರಿ 4 ಮೀಟರ್. 1.6 × 9.8 × 4 = 62.7 ಜೂಲ್. ಒಟ್ಟು ಸುಮಾರು 925 ಜೂಲ್. ಉದ್ದವಾದ ಅಥವಾ ಹರಡಿಕೊಂಡ ವಸ್ತು ಬಂದಾಗಲೆಲ್ಲ ಹೀಗೇ ಮಾಡಿ: ಅದರ ದ್ರವ್ಯರಾಶಿಯ ಕೇಂದ್ರ, ಅಂದರೆ ತೂಕವೆಲ್ಲ ಒಂದೆಡೆ ಸೇರಿದಂತಿರುವ ನಡುಬಿಂದು, ಎಷ್ಟು ಏರಿತು ಎಂದು ನೋಡಿ.

ಸಾಮರ್ಥ್ಯ: ಅದೇ ಕೆಲಸ, ಎಷ್ಟು ಬೇಗ?

ಸಿಮೆಂಟ್ ಮೂಟೆಯನ್ನು 15 ಸೆಕೆಂಡಿನಲ್ಲಿ ಎಳೆದರೆ ಸಾಮರ್ಥ್ಯ 1470 ÷ 15 = 98 ವ್ಯಾಟ್. ಮೋಟಾರು 6 ಸೆಕೆಂಡಿನಲ್ಲಿ ಎತ್ತಿದರೆ 1470 ÷ 6 = 245 ವ್ಯಾಟ್. ಕೆಲಸ ಎರಡರಲ್ಲೂ ಒಂದೇ. ಸಮಯ ಬದಲಾದರೆ ಸಾಮರ್ಥ್ಯ ಬದಲಾಗುತ್ತದೆ.

ಸಮ ವೇಗದಲ್ಲಿ ಎತ್ತುವಾಗ ಇನ್ನೊಂದು ದಾರಿ ಇದೆ: ಸಾಮರ್ಥ್ಯ = ಬಲ × ವೇಗ. 6 ಸೆಕೆಂಡಿನಲ್ಲಿ 3 ಮೀಟರ್ ಅಂದರೆ ಸೆಕೆಂಡಿಗೆ 0.5 ಮೀಟರ್. 490 × 0.5 = 245 ವ್ಯಾಟ್. ಎರಡು ದಾರಿಯಲ್ಲೂ ಒಂದೇ ಉತ್ತರ ಬಂದರೆ ಲೆಕ್ಕ ಸರಿ ಇದೆ ಎಂಬ ಧೈರ್ಯ ಬರುತ್ತದೆ.

ಅಂಗಡಿಯಲ್ಲಿ ಪಂಪ್ ಕೊಳ್ಳುವಾಗ ಎಚ್‌ಪಿ (ಹಾರ್ಸ್‌ಪವರ್, ಅಂದರೆ ಅಶ್ವಶಕ್ತಿ) ಎಂದು ಕೇಳುತ್ತೇವೆ. ಜೇಮ್ಸ್ ವ್ಯಾಟ್ ತನ್ನ ಉಗಿ ಎಂಜಿನ್ನನ್ನು ಕುದುರೆಗೆ ಹೋಲಿಸಿ ತೋರಿಸಲು ಇಟ್ಟುಕೊಂಡ ಅಳತೆ ಅದು. 1 ಎಚ್‌ಪಿ ಅಂದರೆ ಸುಮಾರು 746 ವ್ಯಾಟ್. ಕರೆಂಟ್ ಬಿಲ್ಲಿನ ‘ಯೂನಿಟ್’ ಮಾತ್ರ ಸಾಮರ್ಥ್ಯ ಅಲ್ಲ, ಶಕ್ತಿ. 1000 ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್: 1000 × 3600 = 36 ಲಕ್ಷ ಜೂಲ್.

ನಿಮ್ಮ ಸಾಮರ್ಥ್ಯವನ್ನೂ ಅಳೆಯಬಹುದು. ಒಂದು ಮೆಟ್ಟಿಲಿನ ಎತ್ತರ ಅಳೆದು ಮೆಟ್ಟಿಲುಗಳ ಸಂಖ್ಯೆಯಿಂದ ಗುಣಿಸಿ. 15 ಸೆಂಟಿಮೀಟರಿನ 20 ಮೆಟ್ಟಿಲು ಅಂದರೆ 3 ಮೀಟರ್. 55 ಕಿಲೋ ತೂಕದವರು ಅದನ್ನು 4 ಸೆಕೆಂಡಿನಲ್ಲಿ ಓಡಿ ಹತ್ತಿದರೆ: 55 × 9.8 × 3 = 1617 ಜೂಲ್, 1617 ÷ 4 = ಸುಮಾರು 404 ವ್ಯಾಟ್. ಅರ್ಧ ಎಚ್‌ಪಿಗಿಂತ ಜಾಸ್ತಿ! ಆದರೆ ಇದು ಕೆಲವೇ ಸೆಕೆಂಡಿನ ಮಾತು. ಗಂಟೆಗಟ್ಟಲೆ ದುಡಿಯುವಾಗ ಆರೋಗ್ಯವಂತ ವ್ಯಕ್ತಿಯ ಸಾಮರ್ಥ್ಯ ನೂರು ವ್ಯಾಟ್ ಆಸುಪಾಸಿನಲ್ಲಿರುತ್ತದೆ. ಹೃದಯ, ಮಂಡಿಯ ತೊಂದರೆ ಇರುವವರು ಓಡುವುದು ಬೇಡ. ಮೆಲ್ಲಗೆ ಹತ್ತಿದರೂ ಲೆಕ್ಕ ಬರುತ್ತದೆ.

ಈಗ ಮನೆಯ ಪಂಪ್. ಸಂಪಿನಿಂದ ಮೇಲಿನ ಟ್ಯಾಂಕಿನ ಬಾಯಿಗೆ 10 ಮೀಟರ್. 1000 ಲೀಟರ್ ನೀರು, ಅಂದರೆ 1000 ಕಿಲೋ.

ಬೇಕಾದ ಕೆಲಸ: 1000 × 9.8 × 10 = 98,000 ಜೂಲ್.

1 ಎಚ್‌ಪಿ ಮೋಟಾರು ತನ್ನ 746 ವ್ಯಾಟನ್ನೂ ನೀರೆತ್ತಲು ಬಳಸಿದರೆ 98,000 ÷ 746 = 131 ಸೆಕೆಂಡು ಸಾಕು, ಎರಡು ನಿಮಿಷ ಚಿಲ್ಲರೆ. ಯಾರ ಮನೆಯಲ್ಲಾದರೂ ಸಾವಿರ ಲೀಟರ್ ಟ್ಯಾಂಕ್ ಎರಡು ನಿಮಿಷಕ್ಕೆ ತುಂಬುತ್ತದೆಯೇ? ನಿಮ್ಮ ಟ್ಯಾಂಕ್ 10 ನಿಮಿಷ ತೆಗೆದುಕೊಂಡಿತು, ಪಂಪ್ ಕರೆಂಟಿನಿಂದ 1000 ವ್ಯಾಟ್ ಎಳೆಯಿತು ಎಂದುಕೊಳ್ಳಿ. ಖರ್ಚಾದ ವಿದ್ಯುತ್ 1000 × 600 = 6,00,000 ಜೂಲ್. ನೀರಿಗೆ ಸೇರಿದ್ದು 98,000. ದಕ್ಷತೆ ನೂರಕ್ಕೆ 16 ಮಾತ್ರ. ಉಳಿದದ್ದೆಲ್ಲ ಮೋಟಾರಿನ ಬಿಸಿಗೆ, ಪಂಪಿನೊಳಗೆ ಸುಳಿಯುವ ನೀರಿಗೆ, ಸಣ್ಣ ಪೈಪಿನ ಘರ್ಷಣೆಗೆ, ಬೆಂಡುಗಳಿಗೆ ಹೋಯಿತು. ಟ್ಯಾಂಕ್ ತುಂಬುವ ಸಮಯವನ್ನು ಫೋನಿನಲ್ಲಿ ಅಳೆಯಿರಿ, ಬೇರೆ ಉಪಕರಣಗಳನ್ನು ಆಫ್ ಮಾಡಿ ಮೀಟರ್ ಓಡಿದ್ದನ್ನು ನೋಡಿ. ನಿಮ್ಮ ಪಂಪಿನ ದಕ್ಷತೆ ನಿಮ್ಮ ಕೈಗೇ ಸಿಗುತ್ತದೆ. ಇಲ್ಲಿ ಒಂದು ಮಾತು: ಪೈಪು ಟ್ಯಾಂಕಿನ ಮೇಲ್ಬಾಯಿಗೆ ಸುರಿಯುತ್ತಿದ್ದರೆ ಪ್ರತಿ ಹನಿಯೂ ಅಷ್ಟು ಎತ್ತರ ಏರಲೇಬೇಕು. ಹಾಗಾಗಿ ಎತ್ತರವನ್ನು ಟ್ಯಾಂಕಿನ ತಳದವರೆಗೆ ಅಲ್ಲ, ಪೈಪಿನ ಬಾಯಿಯವರೆಗೆ ಅಳೆಯಬೇಕು.

ಬೀಳುವ ವಸ್ತು: ತೆಂಗಿನಕಾಯಿ

12 ಮೀಟರ್ ಎತ್ತರದ ಮರದಿಂದ 1.5 ಕಿಲೋ ಕಾಯಿ ಬಿತ್ತು. ಮೊದಲ ಕ್ಷಣ: ಎತ್ತರ 12, ವೇಗ ಸೊನ್ನೆ. ಕೊನೆಯ ಕ್ಷಣ: ನೆಲಕ್ಕೆ ಇನ್ನೇನು ತಾಗಬೇಕು, ಎತ್ತರ ಸೊನ್ನೆ, ವೇಗ ಗೊತ್ತಿಲ್ಲ. ‘ಬಿದ್ದ ಮೇಲೆ’ ಎಂದು ಬರೆಯಬೇಡಿ. ಬಿದ್ದ ಮೇಲೆ ವೇಗ ಸೊನ್ನೆ. ತಾಗುವ ಮೊದಲಿನ ಕ್ಷಣವೇ ನಮಗೆ ಬೇಕಾದದ್ದು.

ಮೊದಲಿನ ಶಕ್ತಿ: 1.5 × 9.8 × 12 = 176.4 ಜೂಲ್. ಗಾಳಿಯ ತಡೆಯನ್ನು ಸದ್ಯಕ್ಕೆ ಬಿಟ್ಟರೆ ಇದಷ್ಟೂ ಚಲನ ಶಕ್ತಿಯಾಗುತ್ತದೆ.

½ × 1.5 × ವೇಗದ ವರ್ಗ = 176.4
ವೇಗದ ವರ್ಗ = 235.2
ವೇಗ = ಸೆಕೆಂಡಿಗೆ 15.3 ಮೀಟರ್, ಗಂಟೆಗೆ ಸುಮಾರು 55 ಕಿಲೋಮೀಟರ್.

ಮಧ್ಯದ ಎತ್ತರಗಳಲ್ಲೂ ನೋಡೋಣ. ಪ್ರತಿ ಮೀಟರ್ ಇಳಿದಾಗ 14.7 ಜೂಲ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ.

12 ಮೀ: ಪ್ರಚ್ಛನ್ನ 176.4, ಚಲನ 0, ವೇಗ 0
9 ಮೀ: ಪ್ರಚ್ಛನ್ನ 132.3, ಚಲನ 44.1, ವೇಗ 7.7
6 ಮೀ: ಪ್ರಚ್ಛನ್ನ 88.2, ಚಲನ 88.2, ವೇಗ 10.8
3 ಮೀ: ಪ್ರಚ್ಛನ್ನ 44.1, ಚಲನ 132.3, ವೇಗ 13.3
0 ಮೀ: ಪ್ರಚ್ಛನ್ನ 0, ಚಲನ 176.4, ವೇಗ 15.3

ವೇಗದ ಅಂಕಿಗಳ ಮೇಲೆ ಕಣ್ಣಾಡಿಸಿ. ಅರ್ಧ ಎತ್ತರಕ್ಕೆ ಬಂದಾಗ ಶಕ್ತಿ ಅರ್ಧರ್ಧ ಹಂಚಿಕೆಯಾಗಿದೆ, ಆದರೆ ವೇಗ ಅರ್ಧ ಅಲ್ಲ, ಕೊನೆಯ ವೇಗದ ನೂರಕ್ಕೆ 71. ಅರ್ಧ ವೇಗ ಬರಲು ಕಾಲುಭಾಗ ದೂರ, ಅಂದರೆ 3 ಮೀಟರ್ ಬಿದ್ದರೆ ಸಾಕು. ಚಲನ ಶಕ್ತಿಯಲ್ಲಿ ವೇಗ ವರ್ಗವಾಗಿ ಕೂತಿರುವುದರ ಪರಿಣಾಮ ಇದು. ಪರೀಕ್ಷೆಯಲ್ಲಿ ಇದನ್ನು ಸುತ್ತಿಬಳಸಿ ಕೇಳುತ್ತಲೇ ಇರುತ್ತಾರೆ.

ಇದೇ ಕಾರಣಕ್ಕೆ ವೇಗಗಳನ್ನು ನೇರವಾಗಿ ಕೂಡಬಾರದು. ಅದೇ ಮರದ ಮೇಲಿಂದ ಕಾಯಿಯನ್ನು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಕೆಳಕ್ಕೆ ಎಸೆದರೆ ನೆಲದ ಹತ್ತಿರ 15.3 + 5 = 20.3 ಆಗುತ್ತದೆಯೇ? ಇಲ್ಲ. ಶಕ್ತಿಯನ್ನು ಕೂಡಿ. ಎಸೆದಾಗಿನ ಚಲನ ಶಕ್ತಿ ½ × 1.5 × 25 = 18.75 ಜೂಲ್. ಒಟ್ಟು 195.15 ಜೂಲ್. ವೇಗ 16.1. ಕಾಯಿಯನ್ನು ಅದೇ ವೇಗದಲ್ಲಿ ಮೇಲಕ್ಕೆ ಎಸೆದರೂ ನೆಲದ ಹತ್ತಿರ 16.1 ಮೀಟರೇ! ಶಕ್ತಿಗೆ ದಿಕ್ಕು ಇಲ್ಲ. ಬೀಳಲು ಹಿಡಿಯುವ ಸಮಯ ಮಾತ್ರ ಬೇರೆ.

ವೇಗದ ಲೆಕ್ಕದಲ್ಲಿ ರಾಶಿ ಎರಡೂ ಕಡೆ ಇದ್ದು ಹೊಡೆದುಹೋಗುತ್ತದೆ. ಗಾಳಿ ಇಲ್ಲದಿದ್ದರೆ ಗುಂಡುಕಲ್ಲೂ ಗರಿಯೂ ಒಟ್ಟಿಗೇ ಬೀಳಬೇಕು. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಬಿಟ್ಟು ತೋರಿಸಿದರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಚಂದ್ರನ ಮೇಲೆ ಜಿ ಸುಮಾರು 1.62. ಅಲ್ಲಿ 1.6 ಮೀಟರ್ ಎತ್ತರದಿಂದ ಬಿಟ್ಟರೆ ವೇಗ 2 × 1.62 × 1.6ರ ವರ್ಗಮೂಲ, ಅಂದರೆ ಸೆಕೆಂಡಿಗೆ 2.3 ಮೀಟರ್. ಭೂಮಿಯಲ್ಲಾದರೆ 5.6. ರಾಶಿ ವೇಗವನ್ನು ಬದಲಿಸದಿದ್ದರೂ ಶಕ್ತಿಯನ್ನು ಬದಲಿಸುತ್ತದೆ, ಇದನ್ನು ಮರೆಯಬೇಡಿ. ಒಂದೇ ಎತ್ತರದಿಂದ ಬಿದ್ದರೂ 1.5 ಕಿಲೋ ಕಾಯಿಯ ಪೆಟ್ಟು ಕಾಲು ಕಿಲೋ ಮಾವಿನಕಾಯಿಯ ಪೆಟ್ಟಲ್ಲ.

ತಾಗಿದಾಗಿನ ಬಲ

‘12 ಮೀಟರಿನಿಂದ ಬಿದ್ದ ಕಾಯಿ ಎಷ್ಟು ಬಲದಿಂದ ಹೊಡೆಯುತ್ತದೆ?’ ಈ ಪ್ರಶ್ನೆ ಮಕ್ಕಳು ತಾವಾಗಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ಆದರೆ ಎತ್ತರ ಒಂದರಿಂದಲೇ ಉತ್ತರ ಸಿಗುವುದಿಲ್ಲ. ಕಾಯಿ ನಿಲ್ಲಲು ಎಷ್ಟು ದೂರ ತೆಗೆದುಕೊಂಡಿತು ಎಂಬುದೂ ಬೇಕು.

ಮೆತ್ತನೆಯ ತೋಟದ ಮಣ್ಣಿನಲ್ಲಿ 10 ಸೆಂಟಿಮೀಟರ್ ಹೂತು ನಿಂತಿತು ಎಂದುಕೊಳ್ಳಿ. ಒಟ್ಟು ಇಳಿದದ್ದು 12.1 ಮೀಟರ್. ಗುರುತ್ವದ ಕೆಲಸ 14.7 × 12.1 = 177.9 ಜೂಲ್. ಇದನ್ನೆಲ್ಲ ಮಣ್ಣು 0.1 ಮೀಟರಿನಲ್ಲಿ ಹೀರಬೇಕು. ಸರಾಸರಿ ಬಲ 177.9 ÷ 0.1 = 1779 ನ್ಯೂಟನ್. ಕಾಯಿಯ ತೂಕದ 121 ಪಟ್ಟು.

ಕಾಂಕ್ರೀಟಿನ ಮೇಲೆ ಬಿದ್ದು, ಕಾಯಿಯ ನಾರು ಒಳಕ್ಕೆ ಒತ್ತಿ 1 ಸೆಂಟಿಮೀಟರಿನಲ್ಲಿ ನಿಂತರೆ? 14.7 × 12.01 ÷ 0.01 = ಸುಮಾರು 17,650 ನ್ಯೂಟನ್. ಶಕ್ತಿ ಹೆಚ್ಚುಕಡಿಮೆ ಅಷ್ಟೇ, ಬಲ ಹತ್ತು ಪಟ್ಟು. ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲ್‌ನಂಥ ಪದರ ಮಾಡುವುದು ಇದನ್ನೇ: ತಲೆ ನಿಲ್ಲುವ ದೂರವನ್ನು ಒಂದೆರಡು ಸೆಂಟಿಮೀಟರ್ ಹೆಚ್ಚಿಸುತ್ತದೆ. ಪಟ್ಟಿ ಬಿಗಿಯದೆ ಹೆಲ್ಮೆಟ್ ಇಟ್ಟುಕೊಂಡರೆ ಬೀಳುವ ಮೊದಲೇ ಅದು ಹಾರಿಹೋಗುತ್ತದೆ, ಆ ಒಂದೆರಡು ಸೆಂಟಿಮೀಟರ್ ಸಿಗುವುದೇ ಇಲ್ಲ. ಕಟ್ಟಡ ಕೆಲಸದ ಜಾಗದಲ್ಲೂ ರಸ್ತೆಯಲ್ಲೂ ಈ ಲೆಕ್ಕ ಜೀವದ ಲೆಕ್ಕ. ಮಕ್ಕಳಿಗೆ ಇದನ್ನು ಅಂಕಿಯಲ್ಲೇ ತೋರಿಸಿ, ಬೈದು ಹೇಳುವುದಕ್ಕಿಂತ ಚೆನ್ನಾಗಿ ನಾಟುತ್ತದೆ.

ಹೋದ ಶಕ್ತಿ ಎಲ್ಲಿಗೆ ಹೋಯಿತು?

ಗಾಳಿಯ ತಡೆಯನ್ನು ಯಾವಾಗ ಬಿಡಬಹುದು, ಯಾವಾಗ ಬಿಡಬಾರದು? ಭಾರವಾದ, ಗಟ್ಟಿಯಾದ ವಸ್ತು ಹತ್ತಿಪ್ಪತ್ತು ಮೀಟರ್ ಬಿದ್ದರೆ ಬಿಡಬಹುದು. ಹಗುರವಾದದ್ದು, ಅಗಲವಾದದ್ದು, ತುಂಬಾ ಎತ್ತರದಿಂದ ಬೀಳುವುದು, ಇವಕ್ಕೆ ಬಿಡಬಾರದು. ಮಳೆಹನಿ ನೋಡಿ. 2000 ಮೀಟರ್ ಮೇಲಿನ ಮೋಡದಿಂದ ತಡೆಯಿಲ್ಲದೆ ಬಿದ್ದರೆ ಅದರ ವೇಗ ಸೆಕೆಂಡಿಗೆ 198 ಮೀಟರ್ ಆಗಬೇಕಿತ್ತು. ನಿಜದಲ್ಲಿ ದಪ್ಪ ಮಳೆಹನಿ ನೆಲ ಮುಟ್ಟುವುದು ಸುಮಾರು 9 ಮೀಟರ್ ವೇಗದಲ್ಲಿ. 9ನ್ನು 198ರಿಂದ ಭಾಗಿಸಿ ವರ್ಗ ಮಾಡಿ: 0.002. ಅಂದರೆ ಶಕ್ತಿಯಲ್ಲಿ ನೂರಕ್ಕೆ 99.8 ಭಾಗ ಗಾಳಿಗೆ ಹೋಯಿತು. ಹಾಗಾಗಿಯೇ ಮಳೆಯಲ್ಲಿ ನಾವು ನಿಲ್ಲಬಲ್ಲೆವು.

ಪುಟಿಯುವ ಚೆಂಡಿನಲ್ಲಿ ನಷ್ಟವನ್ನು ಅಳೆಯುವುದು ತುಂಬಾ ಸುಲಭ. ಟೆನಿಸ್ ನಿಯಮದ ಪ್ರಕಾರ ಸಾಮಾನ್ಯ ಚೆಂಡನ್ನು 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಅದು 135ರಿಂದ 147 ಸೆಂಟಿಮೀಟರ್ ಪುಟಿಯಬೇಕು. 135 ÷ 254 = 0.53. ನೂರಕ್ಕೆ 53 ಭಾಗ ಶಕ್ತಿ ಉಳಿದಿದೆ. ರಾಶಿ, ಜಿ ಎರಡೂ ಹೊಡೆದುಹೋಗುವುದರಿಂದ ಎತ್ತರಗಳ ಅನುಪಾತವೇ ಶಕ್ತಿಯ ಅನುಪಾತ. ಒಂದು ಗೋಡೆ, ಒಂದು ಟೇಪು, ಒಂದು ಫೋನ್ ಕ್ಯಾಮೆರಾ ಇದ್ದರೆ ಮನೆಯಲ್ಲಿರುವ ಎಲ್ಲ ಚೆಂಡುಗಳನ್ನೂ ಹೀಗೆ ಪರೀಕ್ಷಿಸಬಹುದು.

ಹೋದ ಶಕ್ತಿ ಹೆಚ್ಚಾಗಿ ಶಾಖವಾಗುತ್ತದೆ. ಇದನ್ನು ಅಳೆದು ತೋರಿಸಿದವರಲ್ಲಿ ಮುಖ್ಯರು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್. 1840ರ ದಶಕದಲ್ಲಿ ಅವರು ತೂಕದ ಬಟ್ಟುಗಳನ್ನು ಕೆಳಗಿಳಿಸಿ, ಅದರಿಂದ ನೀರಿನೊಳಗಿನ ರೆಕ್ಕೆಗಳನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತು ಎಂದು ನೋಡಿದರು. ಬಟ್ಟು ಇಳಿದ ಎತ್ತರಕ್ಕೂ ಏರಿದ ಉಷ್ಣತೆಗೂ ಯಾವಾಗಲೂ ಒಂದೇ ಲೆಕ್ಕ ಬಂತು.

ಅದೇ ಲೆಕ್ಕವನ್ನು ಜೋಗದಲ್ಲಿ ಮಾಡಿ. ಶರಾವತಿ ಅಲ್ಲಿ 253 ಮೀಟರ್ ಬೀಳುತ್ತದೆ. ಒಂದು ಕಿಲೋ ನೀರಿನ ಶಕ್ತಿ 9.8 × 253 = 2479 ಜೂಲ್. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4186 ಜೂಲ್ ಬೇಕು. ಬಿದ್ದ ಶಕ್ತಿ ಎಲ್ಲವೂ ನೀರಿನಲ್ಲೇ ಉಳಿದರೂ ಏರುವುದು 0.6 ಡಿಗ್ರಿ ಅಷ್ಟೇ. ಬೀಳುವಾಗ ತುಂತುರು ಆವಿಯಾಗಿ ತಂಪೂ ಆಗುವುದರಿಂದ ಅದೂ ಕೈಗೆ ಸಿಗುವುದಿಲ್ಲ. ಆದರೆ ಸೆಕೆಂಡಿಗೆ ಒಂದು ಘನ ಮೀಟರ್, ಅಂದರೆ 1000 ಕಿಲೋ ನೀರು ಆ ಎತ್ತರದಿಂದ ಬೀಳುತ್ತಿದ್ದರೆ ಸಾಮರ್ಥ್ಯ 24.8 ಲಕ್ಷ ವ್ಯಾಟ್. ಒಂದು ಡಿಗ್ರಿಯನ್ನೂ ಏರಿಸದ ಶಕ್ತಿ ಟರ್ಬೈನಿಗೆ ಸಿಕ್ಕರೆ ಊರಿಗೇ ದೀಪ ಹಚ್ಚುತ್ತದೆ.

ಎತ್ತುವುದೂ ಬೀಳುವುದೂ ಒಂದೇ ಲೆಕ್ಕದಲ್ಲಿ: ಶಿವನಸಮುದ್ರ ಮತ್ತು ಕೋಲಾರ

ಕೊನೆಯ ಲೆಕ್ಕ ದೊಡ್ಡದು, ಮತ್ತು ನನಗೆ ಬಹಳ ಇಷ್ಟವಾದದ್ದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಶುರುವಾಯಿತು. ಅಲ್ಲಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕೊಟ್ಟರು. ಕಾವೇರಿ ಒಂದು ಕಡೆ ಬೀಳುತ್ತಿತ್ತು, ಇನ್ನೊಂದು ಕಡೆ ಯಂತ್ರಗಳು ದುಡಿಯುತ್ತಿದ್ದವು. ಆ ಗಣಿಗಳು ಕೊನೆಗೆ 3 ಕಿಲೋಮೀಟರಿಗೂ ಆಳಕ್ಕೆ ಹೋದವು.

ಪ್ರಶ್ನೆ: ಒಂದು ಟನ್ ಅದಿರನ್ನು 1000 ಮೀಟರ್ ಆಳದಿಂದ 100 ಸೆಕೆಂಡಿನಲ್ಲಿ ಮೇಲೆ ತರಬೇಕು. 100 ಮೀಟರ್ ಎತ್ತರದಿಂದ ಎಷ್ಟು ನೀರು ಬೀಳಬೇಕು? ಈ ಅಂಕಿಗಳು ಲೆಕ್ಕ ಸುಲಭವಾಗಲಿ ಎಂದು ನಾನು ಇಟ್ಟುಕೊಂಡವು.

ಮೊದಲು ಅದಿರು. ಗಣಿಯ ಎತ್ತುಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದು ತೊಟ್ಟಿ ಮೇಲೆ ಬರುವಾಗ ಇನ್ನೊಂದು ಕೆಳಗಿಳಿಯುತ್ತದೆ, ಹಾಗಾಗಿ ತೊಟ್ಟಿಗಳ ತೂಕ ಪರಸ್ಪರ ಸರಿಹೋಗುತ್ತದೆ. ಉಳಿದದ್ದು ಅದಿರಿನ ತೂಕ ಮಾತ್ರ. ಕೆಲಸ 1000 × 9.8 × 1000 = 98 ಲಕ್ಷ ಜೂಲ್. ಇಂದಿನ ಬಿಲ್ಲಿನ ಲೆಕ್ಕದಲ್ಲಿ 2.7 ಯೂನಿಟ್. ಸಾಮರ್ಥ್ಯ 98 ಲಕ್ಷ ÷ 100 = 98,000 ವ್ಯಾಟ್, ಸುಮಾರು 131 ಎಚ್‌ಪಿ.

ಆಮೇಲೆ ನೀರು. 100 ಮೀಟರ್ ಬಿದ್ದ ಒಂದು ಕಿಲೋ ನೀರು 980 ಜೂಲ್ ಕೊಡುತ್ತದೆ. 98 ಲಕ್ಷ ÷ 980 = 10,000 ಕಿಲೋ. ಏನೂ ನಷ್ಟವಿಲ್ಲದಿದ್ದರೆ 10,000 ಲೀಟರ್ ನೀರು ಸಾಕು. ಉತ್ತರವನ್ನು ಹೀಗೆ ಪರೀಕ್ಷಿಸಿ: ಅದಿರು ಏರುವ ಎತ್ತರ ನೀರು ಬೀಳುವ ಎತ್ತರದ ಹತ್ತು ಪಟ್ಟು. ಆದ್ದರಿಂದ ನೀರು ಅದಿರಿನ ಹತ್ತು ಪಟ್ಟು ಭಾರ ಇರಲೇಬೇಕು. ಸರಿ ಇದೆ.

ಟರ್ಬೈನು, ಜನರೇಟರು, ತಂತಿ, ಮೋಟಾರು, ಹಗ್ಗ ಎಲ್ಲವೂ ತಮ್ಮ ಪಾಲು ಕಳೆಯುತ್ತವೆ. ಒಟ್ಟು ದಕ್ಷತೆ ನೂರಕ್ಕೆ 50 ಎಂದು ಇಟ್ಟುಕೊಂಡರೆ 20,000 ಲೀಟರ್ ಬೇಕು. 100 ಸೆಕೆಂಡಿಗೆ ಅಷ್ಟು ಅಂದರೆ ಸೆಕೆಂಡಿಗೆ 200 ಲೀಟರ್. ಅದಿರು 3000 ಮೀಟರ್ ಆಳದಲ್ಲಿದ್ದರೆ ಮೂರರಿಂದ ಗುಣಿಸಿ: ಪ್ರತಿ ಟನ್ನಿಗೆ 60,000 ಲೀಟರ್ ನೀರು.